ಮುಯ್ಯಾಳು ಕಾರ್ಡು

ಮಂಡ್ಯದ ಬಸ್ ನಿಲ್ದಾಣದಲ್ಲಿ ಕೂತಿದ್ದ ನಿಂಗರಾಜು, ಪಕ್ಕದಲ್ಲಿದ್ದ ತಾಯಿ ಮಗಳ ಮಾತಿಗೆ ಕಿವಿಗೊಡಬಾರದೆಂದೇ ಪೇಪರು ಬಿಡಿಸಿದ್ದ. ಕಿವಿ ಅವನ ಮಾತು ಕೇಳಬೇಕಲ್ಲ! ಮಗಳ ಕೈಯಲ್ಲಿ ಬ್ಯಾಂಕಿನವರು ಕೊಟ್ಟ ಎರಡು ಕ್ರೆಡಿಟ್ ಕಾರ್ಡುಗಳ ವಿವರದ ಹಾಳೆಯಿತ್ತು.

“ಇದ್ನೇ ತಕ್ಕೋತೀನಿ ಕಣವ್ವ. ವರ್ಸಕ್ಕೆ ಮೂರು ಸಾವ್ರ ಫೀಜು, ಆದ್ರೆ ಏರ್‌ಪೋರ್ಟಲ್ಲಿ ಊಟ ಫ್ರೀ.”

“ಕೆರಗೋಡು ಬಸ್ಸು ಏರ್‌ಪೋರ್ಟ್ ಮೇಲೆ ಓಯ್ತದಾ?”

ಮಗಳು ಕಿಸಕ್ಕನೆ ನಕ್ಕಳು. “ಇನ್ನೊಂದ್ಕೆ ಫೀಜೇ ಇಲ್ಲ.”

“ಅದೇ ಸಾಕು. ಬಳಸಿದ ಕಾಸು ಯಾವಾಗ ಕಟ್ಬೇಕು?”

“ಬಿಲ್ಲು ಬಂದ್ಮೇಲೆ, ಅವ್ರು ಯೋಳಿದ್ ತಾರೀಕೊಳಗೆ. ಪೂರ್ತಿ ಕಟ್ಟುದ್ರೆ ಬಡ್ಡಿ ಇಲ್ಲ.”

“ಅಂಗಾದ್ರೆ ಮುಯ್ಯಾಳು ಅನ್ನು! ಇವತ್ತು ಪಕ್ಕದ್ಮನೆಯೋಳು ನಮ್ ಗದ್ದೆ ನಾಟಿಗೆ ಬಂದ್ರೆ, ನಾಳಿಕೆ ಅವಳ ಗದ್ದೆಗೆ ನಾನು ಓಗೋದು. ಕೂಲಿ ಗೀಲಿ ಮಾತೇ ಇಲ್ಲ.”

“ಮಿನಿಮಮ್ ಅಂತ ಒಸಿ ಕಟ್ಟುದ್ರೂ ಆಯ್ತದಂತೆ ಕಣವ್ವ.”

“ಅವಳ ಗದ್ದೇಲಿ ಎಲ್ಡು ಸಾಲು ನೆಟ್ಟು ಎದ್ದು ಬಂದ್ರೆ ಸುಮ್ಕಿದ್ದಾಳಾ? ಊರಿಗೆಲ್ಲ ಕೇಳಂಗೆ ಬಯ್ತಾಳೆ!”

“ಬ್ಯಾಂಕ್ನೋರು ಬಯ್ಯಕಿಲ್ಲ, ಬಡ್ಡಿ ಆಕ್ತಾರೆ.”

“ಬಯ್ಯೋರೇ ವಾಸಿ ಬುಡು.”

ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಕ್ಕರು. ಅಷ್ಟರಲ್ಲಿ ಕೆರಗೋಡು ಬಸ್ಸು ಬಂತು. ತಾಯಿ ಮೊದಲು ಹತ್ತಿ, ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ಕಂಡಕ್ಟರನ ಮುಂದೆ ಹಿಡಿದಳು.

“ನೋಡಮ್ಮಿ ನನ್ ಕಾರ್ಡಾ! ಫೀಜಿಲ್ಲ, ಬಿಲ್ಲಿಲ್ಲ, ಇಡೀ ಕರ್ನಾಟ್ಕ ಸುತ್ತುಬೋದು!”

ಹಿಂದೆಯೇ ಹತ್ತಿದ ನಿಂಗರಾಜು ಟಿಕೆಟ್ಟಿಗೆ ಚಿಲ್ಲರೆ ಹುಡುಕತೊಡಗಿದ.