ಹಿತ್ತಾಳೆ ಚಿಲಕ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಐವತ್ತು ಕೊಲೆಗಳನ್ನು ಅಚ್ಚು ಹಾಕಿಯೂ ನೆಮ್ಮದಿಯಾಗಿ ನಿದ್ದೆ ಮಾಡುವ ಪ್ರಕಾಶಕರೇ, ಕೊನೆಯ ಪುಟವನ್ನೇ ಮೊದಲು ಓದುವ ಸಭಿಕರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ನನ್ನ ಅಣ್ಣನವರೇ,

ನಾನು ಸಾಹಿತಿಯಲ್ಲ, ಬೀಗ ರಿಪೇರಿ ಮಾಡುವವನು. ನನ್ನನ್ನು ಇಲ್ಲಿಗೆ ಕರೆಸಿದವರು ಅತ್ತಿಗೆ. "ಏಳು ವರ್ಷದಿಂದ ಇಬ್ರೂ ಮಾತು ಬಿಟ್ಟು ಕೂತಿದೀರಿ. ಸಭೇಲಾದ್ರೂ ನಾಲ್ಕು ಮಾತಾಡು, ಎದ್ದು ಹೋಗೋಕೆ ಅವರಿಗೆ ಆಗಲ್ಲ" ಎಂದರು. ನಿಜ, ಸನ್ಮಾನಕ್ಕೆ ಕೂತವರು ಎದ್ದು ಹೋಗುವುದು ಕಷ್ಟ.

ಅಣ್ಣನವರ ಪತ್ತೇದಾರಿ ಮಾಲೆಯಲ್ಲಿ ಕೊಲೆಯಾದವರೆಲ್ಲ ನಮ್ಮ ನೆಂಟರೇ ಎಂಬುದು ನಿಮಗೆ ಗೊತ್ತಿರಲಾರದು. ಸೋದರಮಾವನಿಗೆ ಮೂರನೆಯ ಪುಸ್ತಕದಲ್ಲಿ ವಿಷ ಹಾಕಿದರು. ಹೆಸರು ಬದಲಾಯಿಸಿದರೇನು, ಕೆಮ್ಮು ಅವನದೇ! ಚಿಕ್ಕಮ್ಮನನ್ನು ಮೆಟ್ಟಿಲಿನಿಂದ ತಳ್ಳಿದರು. ಆಕೆ ಆರು ತಿಂಗಳು ನಮ್ಮ ಮನೆಗೆ ಕಾಲಿಡಲಿಲ್ಲ, ಆದರೆ ಅಕ್ಕಪಕ್ಕದವರಿಗೆ ಹಂಚಲು ಹತ್ತು ಪ್ರತಿ ಕೊಂಡಳು. ನನ್ನನ್ನು ಮಾತ್ರ ಅಣ್ಣ ಮುಟ್ಟಲಿಲ್ಲ. ನಾನೇನು ಕೊಲೆಗೂ ಲಾಯಕ್ಕಿಲ್ಲದವನೇ? ಒಳಗೊಳಗೇ ಬೇಜಾರಿತ್ತು, ಸುಳ್ಳೇಕೆ ಹೇಳಲಿ?

ಹಾಗೆಂದು ನನಗೂ ಆ ಪುಸ್ತಕಗಳಿಗೂ ಸಂಬಂಧವಿರಲಿಲ್ಲವೆಂದಲ್ಲ. ಸಂಜೆ ಅಂಗಡಿಗೆ ಬಂದು ಅಣ್ಣ ಕೇಳುತ್ತಿದ್ದರು, "ಲೇ, ಬಾಗಿಲು ಒಳಗಿಂದ ಹಾಕಿದೆ, ಕೊಂದೋನು ಹೊರಗಿದಾನೆ. ಹೆಂಗೋ?" ನಾನು ಎರಡು ದಿನ ತಲೆ ಕೆಡಿಸಿಕೊಂಡು, ದಾರ, ಮೇಣ, ಸೂಜಿ ಹಿಡಿದು ಮಾಡಿ ತೋರಿಸುತ್ತಿದ್ದೆ. ನಲವತ್ತೊಂದು ಪುಸ್ತಕಗಳ ಬಾಗಿಲುಗಳು ಹೀಗೆ ನನ್ನ ಅಂಗಡಿಯಲ್ಲೇ ಮುಚ್ಚಿಕೊಂಡವು.

ನಲವತ್ತೆರಡನೆಯದನ್ನು ಅವಸರದಲ್ಲಿ ಬರೆದರು. ನನ್ನನ್ನು ಕೇಳಲಿಲ್ಲ. ಒಬ್ಬ ಗಿರಾಕಿ ಆ ಪುಸ್ತಕ ಹಿಡಿದು ಬಂದ. ಅದರಲ್ಲಿ ಕೊಲೆಗಾರ ಹೊರಗೆ ನಿಂತು ಅಯಸ್ಕಾಂತದಿಂದ ಹಿತ್ತಾಳೆ ಚಿಲಕ ಸರಿಸುತ್ತಾನೆ. "ಇದು ಆಗತ್ತಾ?" ಎಂದ. "ಹಿತ್ತಾಳೇನ ಅಯಸ್ಕಾಂತ ಮೂಸಿಯೂ ನೋಡಲ್ಲ ಸ್ವಾಮಿ" ಎಂದುಬಿಟ್ಟೆ. ಅವನು ಪತ್ರಿಕೆಯವನೆಂದು ನನಗೇನು ಗೊತ್ತು? ಭಾನುವಾರ ಅಚ್ಚಾಯಿತು: ಸ್ವಂತ ತಮ್ಮನೇ ನಕ್ಕನಂತೆ. ನಾನು ನಕ್ಕಿರಲಿಲ್ಲ. ಅಣ್ಣ ಒಂದೇ ಮಾತು ಹೇಳಿ ಕಳಿಸಿದರು: "ನನ್ನ ಮಾನ ಬೀದಿಗೆ ತಂದ." ಅಷ್ಟೇ. ಅಂಗಡಿಯ ಕಡೆ ಮತ್ತೆ ತಲೆ ಹಾಕಲಿಲ್ಲ.

ಸಭಿಕರೇ, ಇಂದು ಬಿಡುಗಡೆಯಾದ ಐವತ್ತನೆಯ ಪುಸ್ತಕವನ್ನು ಅತ್ತಿಗೆ ಮೊದಲೇ ಕೊಟ್ಟಿದ್ದರು. ಹತ್ತನೆಯ ಪುಟದಲ್ಲಿ ಒಬ್ಬ ಬೀಗದವನ ಹೆಣ. ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು ಕೆಲಸ ಮಾಡುವವನು, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಇಗೋ, ನೋಡಿ ನನ್ನ ಹೆಬ್ಬೆರಳು! ಅಂತೂ ಸತ್ತೆ ಎಂದು ಖುಷಿಪಟ್ಟೆ. ಮುಂದೆ ಓದಿದರೆ, ಕೊಂದವನು ಅವನ ಸ್ವಂತ ಅಣ್ಣ. "ಯಾಕೆ ಕೊಂದೆ?" ಎಂದು ಪತ್ತೇದಾರ ಕೇಳುತ್ತಾನೆ. "ಅವನು ಹೇಳಿದ್ದು ಸರಿಯಿತ್ತು, ಅದಕ್ಕೆ" ಎನ್ನುತ್ತಾನೆ.

ಪುಸ್ತಕ ಮುಚ್ಚಿ ಅಂಗಡಿಯ ಬಾಗಿಲು ಎಳೆದುಕೊಂಡು ಒಬ್ಬನೇ ಅತ್ತೆ. ಅರುವತ್ತು ವರ್ಷದವನು, ನಾಚಿಕೆಯೇನಿಲ್ಲ.

ಆದರೆ ಸತ್ಯ ಹೇಳಿ ಕೆಟ್ಟವನು ನಾನು, ಈಗ ಬಿಡಲಾದೀತೇ? ಈ ಪುಸ್ತಕದಲ್ಲಿ ಕೊಲೆಗಾರ ಮೊಳದುದ್ದದ ಕಬ್ಬಿಣದ ಅಗುಳಿಯನ್ನು ಹೇರ್‌ಪಿನ್ನಿನಿಂದ ಎತ್ತುತ್ತಾನೆ. ಹೇರ್‌ಪಿನ್ನು! ಹಿಂದಿನ ಏಳನ್ನೂ ತೆಗೆದು ನೋಡಿದೆ. ಒಂದೊಂದು ಬೀಗವೂ ತಪ್ಪು, ಶುದ್ಧ ತಪ್ಪು. ಊರಿನಲ್ಲಿ ಬೀಗದವರು ಇನ್ನೂ ಆರು ಮಂದಿ ಇದ್ದಾರೆ, ನನಗಿಂತ ಜಾಣರು. ಏಳು ವರ್ಷ ನನ್ನಣ್ಣ ಅವರಲ್ಲಿ ಒಬ್ಬರನ್ನೂ ಕೇಳಲಿಲ್ಲ.

ಅಣ್ಣಾ, ಐವತ್ತೊಂದಕ್ಕೆ ಕೈ ಹಾಕೋ ಮುಂಚೆ ಅಂಗಡಿಗೆ ಬಾ.

ಎದ್ದು ಹೋಗದೆ ಕೂತು ಕೇಳಿದ ಎಲ್ಲರಿಗೂ, ಅದರಲ್ಲೂ ಒಬ್ಬರಿಗೆ, ಧನ್ಯವಾದ. ನಮಸ್ಕಾರ.