ತೂಬಿಗೆ ಇಳಿದಾಂವ

ಲೈಟ್ ಇರ್ಲಿ, ಆರಿಸಬ್ಯಾಡ್ರಿ. ಇದು ನಮ್ಮ ದೊಡ್ಡಪ್ಪನ ಮಗ ಕನಕಪ್ಪಗ ಹೋದ ವರ್ಷ ಆದದ್ದು. ನಗೋರು ಈಗ ನಕ್ಕು ಮುಗಿಸ್ರಿ.

ಹಿರೇಕೆರೂರ ಕಡೆ ಒಂದು ಗುಡ್ಡದ ನೆತ್ತಿ ಮ್ಯಾಲ ಕೆರಿ ಐತಿ. ಊರಿನ ಹೆಸರು ಬ್ಯಾಡ. ಕೆಳಗಿನ ಹೊಲಕ್ಕೆಲ್ಲ ಅದ ನೀರು. ಅವತ್ತು ತೂಬಿನಾಗ ಟೊಂಗಿ ಸಿಕ್ಕು ಬಾಗಿಲು ಮುಚ್ಚವಲ್ದು. ಕೆರಿ ನೀರೆಲ್ಲ ಗೊಳಗೊಳ ಹರದು ಹೊಂಟಿತ್ತು. ಮುಳುಗಿ ಟೊಂಗಿ ತಗಿಯಾಕ ಕನಕಪ್ಪನ ಅಕ್ಕ ಜಯಾಳ ಗಂಡ ಉಳಿವೆಪ್ಪ ಇಳದ. ಸೊಂಟಕ್ಕ ಹಗ್ಗ. ಅದರ ತುದಿ ದಂಡಿ ಮ್ಯಾಲ ಕನಕಪ್ಪನ ಕೈಯಾಗ. ಇಬ್ಬರ ಇದ್ರು.

ಅಲ್ಲೊಂದು ಪದ್ಧತಿ ಐತಿ. ಇಳದಾಂವ ದಂಡಿಗೆ ಬಂದು, ಕಣ್ಣಮುಂದ ತನ್ನ ಕೈಲೇ ಗಂಟು ಬಿಚ್ಚೋತನಕ ಹಗ್ಗ ಬಿಡಬಾರದು. ಒಳಗಿಂದ ಜಗ್ಗಿದ್ರ ಎಳೀಬೇಕು.

ಹೊತ್ತು ಮುಳುಗಿತ್ತು... ಉಳಿವೆಪ್ಪ ಮುಳುಗಿ ಎದ್ದ, ಮತ್ತ ಮುಳುಗಿದ. ಏಳಲಿಲ್ಲ. ಕನಕಪ್ಪ ಹಗ್ಗ ಬಿಗಿ ಹಿಡದ. ಆಗ ಬೆನ್ನಹಿಂದ ಪಚ್... ಪಚ್... ತೊಯ್ದ ಹೆಜ್ಜಿ ಸಪ್ಪಳ.

“ಆತು ಬಾ, ಮನಿಗೆ ಹೋಗೂಣು.”

ಮೊಬೈಲ್ ಬೆಳಕು ಹಿಡದು ನೋಡಿದ. ಉಳಿವೆಪ್ಪನ! ಆ ಕಡೆಯಿಂದ ಹತ್ತಿ ಬಂದಾನ ಅಂದ್ಕೊಂಡ.

“ಮಾವಾ, ಗಂಟು ಬಿಚ್ಚಿದ್ರಿ?”

“ನೀರಾಗ ಬಿಚ್ಚೇನಿ.”

ಅಷ್ಟ್ರಾಗ ಕೈಯಾಗಿನ ಹಗ್ಗ ಜಗ್ಗಿತು. ಜಗ್... ಜಗ್.

“ಮತ್ತ ಇದು...?” ಕನಕಪ್ಪ ಪಿಸುಗುಟ್ಟಿದ.

“ನೀರಿನ ಸೆಳವು. ಬಿಡು.”

ಬಿಟ್ಟ. ಹಗ್ಗ ಸರ್ರ್ ಅಂತ ನೀರಿಗೆ ಹೋತು. ಸ್ವಲ್ಪ ಹೊತ್ತಿಗೆ ಗೊಳಗೊಳ ಸಪ್ಪಳ ಗಪ್ ಆತು. ತೂಬು ಮುಚ್ಚಿತ್ತು. ಕೆಲಸ ಆತಲ್ಲ ಅಂತ ಖುಷಿ ಆತಂತ ಆ ಹುಚ್ಚಗ.

ಕನಕಪ್ಪನ ಹಿಂದ ಉಳಿವೆಪ್ಪ ಮನಿಗೆ ಬಂದ. ಮನ್ಯಾಗ ಜಯಾ ಬಡಿಸಿದ ರೊಟ್ಟಿ ತಿಂದ, ಕೌದಿ ಹೊತ್ಕೊಂಡು ಮಲಗಿದ.

ಮುಂಜಾನೆ ಹಾಸಿಗಿ ಖಾಲಿ. ಕೆರಿಗೆ ಹೋಗಿ ನೋಡಿದ್ರ... ತೂಬಿನ ಬಾಯಾಗ ಉಳಿವೆಪ್ಪನ ಹೆಣ ಸಿಕ್ಕೊಂಡಿತ್ತು. ಸೊಂಟದ ಗಂಟು ಕಟ್ಟಿದಂಗ ಇತ್ತು.

ಜಯಾ ಅಳಲಿಲ್ಲ. ತಮ್ಮನ್ನ ಒಳಗ ಕರದು ಹಾಸಿಗಿ ತೋರಿಸಿದ್ಲು. ಕೌದಿ ಮಡಚಿ ಇಟ್ಟಿತ್ತು.

“ಲಗ್ನ ಆದಾಗಿಂದ ಅವರು ಒಂದಿನ ಹಾಸಿಗಿ ಮಡಚಿದವರಲ್ಲ. ರಾತ್ರಿ ಯಾರನ್ನ ಕರ್ಕೊಂಡು ಬಂದಿದ್ದಿ, ತಮ್ಮಾ?”

ಕನಕಪ್ಪ ಅವತ್ತಿಂದ ಆ ಮನಿ ಹೊಸ್ತಿಲ ತುಳಿದಿಲ್ಲ. ಸುಳ್ಳಂದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ... ಮಣ್ಣಿಗೆ ಹೋದಾಗ ಆ ಕೌದಿ ನಾನ ನೋಡೇನಿ. ನಾಕೂ ಮೂಲಿ ಕೂಡಿಸಿ ಮಡಚಿತ್ತು.