ಬಾಗಿಲ ಬಳಿಯ ಅಕ್ಕಿಕಾಳು

ಕೊಟ್ಟೂರಿನಲ್ಲಿ ಮಂಜಣ್ಣನ ಸ್ಟುಡಿಯೋದ ಕರೆಂಟು ಹೋದಾಗ ಸಂಜೆಯಾಗಿತ್ತು. ಹೊರಗೆ ಮಳೆ. ನನ್ನ ಮೈದುನನ ಮದುವೆಯ ಕ್ಯಾಸೆಟ್ಟು ಅರ್ಧಕ್ಕೆ ನಿಂತಿತು. ಅದನ್ನು ಸಿಡಿ ಮಾಡಬೇಕೆಂದರೆ ಓಡಿದಷ್ಟು ಹೊತ್ತೂ ಕೂತಿರಬೇಕು. ನಡುವೆ ನಿಂತರೆ ಮತ್ತೆ ಮೊದಲಿಂದ.

ಆ ಮದುವೆಯಲ್ಲಿ ಆರತಿ ಹಿಡಿದವಳು ನಾನು. ಪಕ್ಕದಲ್ಲಿ ನನ್ನ ಗಂಡ, ತಲೆ ಕೊಡವಿ ನಗುತ್ತಾರೆ. ಮರುವರ್ಷ ತೀರಿಕೊಂಡರು. ಗಂಡನಿಲ್ಲದವಳ ಆರತಿ ಸಿಡಿಯಲ್ಲಿ ಇರಬಾರದು, ತೆಗೆಸಿಕೊಂಡು ಬಾ ಎಂದು ಅತ್ತೆ ನನ್ನನ್ನೇ ಕಳಿಸಿದ್ದರು. ನನ್ನನ್ನು ತೆಗೆದರೆ ಪಕ್ಕದಲ್ಲಿರುವ ಗಂಡನ ನಗುವೂ ಹೋಗುತ್ತದೆ. ನಮ್ಮ ಮದುವೆಗೆ ವಿಡಿಯೋ ಮಾಡಿಸಿರಲಿಲ್ಲ. ಈ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ಸಿಡಿ ಆದಮೇಲೆ ಇನ್ನೊಮ್ಮೆ ಓಡುವುದು ಅನುಮಾನ. ಮಂಜಣ್ಣನಿಗೆ ಇದನ್ನೆಲ್ಲ ಹೇಳಲಿಲ್ಲ. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದಷ್ಟೇ ಹೇಳಿದ್ದೆ.

ಮಂಜಣ್ಣನ ತಾಯಿ ಜಂಬಕ್ಕ ಮೇಣದಬತ್ತಿ ತಂದು ಕೂತಳು. ಮಳೆಗೆಂದು ಒಳಬಂದಿದ್ದ ಇಬ್ಬರೂ ಹತ್ತಿರ ಸರಿದರು.

“ಲೇ ಮಂಜಾ, ಭರಮಮ್ಮನ ಕತಿ ಹೇಳಿದಿಯೇನು ಈ ತಾಯಿಗಿ?”

“ಬ್ಯಾಡಬೇ, ಗಿರಾಕಿ ಹೆದರ್ತಾರ.”

“ನೀ ತೆಗೆದ ಫೋಟೋ ನೋಡಿ ಹೆದರದವರು ಇದಕ್ಕೇನು ಹೆದರ್ತಾರ, ಸುಮ್ನಿರು... ಕೇಳ್ರಿಲ್ಲೆ. ಹರಪನಹಳ್ಳಿ ಕಡಿ ಭರಮಮ್ಮ ಅಂತ, ಸಣ್ಣ ವಯಸ್ಸಿನಾಗ ಗಂಡ ಸತ್ತು ತವರಿಗಿ ಬಂದಾಕಿ, ತಾಯಿ ಇಲ್ಲದ ಅಣ್ಣನ ಮಗಳನ್ನ ಎತ್ತಿ ಆಡಿಸಿ, ಉಣಿಸಿ, ತಲಿ ಬಾಚಿ ದೊಡ್ಡಾಕಿನ್ನ ಮಾಡಿದ್ಲು, ಆ ಹುಡುಗಿ ಮದಿವಿ ಬಂತು ನೋಡ್ರಿ, ನೀ ಅಡಿಗಿಮನಿ ಬಿಟ್ಟು ಹೊರಗ ಬರಬ್ಯಾಡ ಅಂದ್ರು. ಆತು ಅಂದ್ಲು. ಆದ್ರ ತಾಳಿ ಕಟ್ಟೋ ಹೊತ್ತಿಗಿ ವಾಲಗ ಜೋರಾತು... ಹಡೀದಿದ್ರೇನು, ಕರಳು ಕರಳೇ ಅಲ್ಲೇನ್ರಿ? ಬಾಗಲಕ್ಕ ಬಂದು ಒಂದು ಹಿಡಿ ಅಕ್ಕಿಕಾಳು ಒಗದು ಒಳಗ ಹೋದ್ಲು. ಯಾರೂ ನೋಡಲಿಲ್ಲ. ಅವತ್ತು ವಿಡಿಯೋ ಹಿಡಿತಿದ್ದ ನಮ್ಮ ಮನಿಯವರ ಕ್ಯಾಮೆರಾ ನೋಡಿತ್ತು.

“ಮುಂದ ಭರಮಮ್ಮ ಸತ್ಲು. ಆ ಹುಡುಗಿಗಿ ಮಕ್ಕಳಾಗಲಿಲ್ಲ. ಸಿಡಿ ಮಾಡಸಾಕ ಬಂದವರು ಕ್ಯಾಸೆಟ್ಟು ನೋಡಿ, ‘ಈ ಮುಂಡಿ ಅಕ್ಕಿಕಾಳು ಒಗದದ್ದಕ್ಕ ಹಿಂಗಾಗೈತಿ, ತೆಗದು ಹಾಕ್ರಿ’ ಅಂದ್ರು. ತೆಗದಾತು. ಕ್ಯಾಸೆಟ್ಟೂ ಅಳಿಸಿಸಿದ್ರು. ಅಕಿದು ಬ್ಯಾರೆ ಒಂದು ಫೋಟೋ ಇದ್ದಿಲ್ರಿ... ಲೋಕದಾಗ ಅಕಿ ಉಳದಿದ್ದು ಆ ಬಾಗಲದಾಗ ಅಷ್ಟ. ಅದನ್ನೂ ಕಸಗಂಡ್ರ ಎಲ್ಲಿಗಿ ಹೋಗಬೇಕು, ಹೇಳ್ರಿ?

“ಆಮ್ಯಾಲೆ ಹಡಗಲಿಯವರ ಮದಿವಿ ಕ್ಯಾಸೆಟ್ಟು ಒಂದು ಬಂತು. ನೋಡ್ತಾರ, ಭರಮಮ್ಮ ಬಾಗಲದಾಗ ಕೈಯೆತ್ತಿ ನಿಂತಾಳ. ಆ ಮನಿಯವರಿಗಿ ಗುರ್ತೇ ಇಲ್ಲ. ಮತ್ತ ಕೂಡ್ಲಿಗಿಯವರದರಾಗ... ಎಲ್ಲಾ ಮದಿವ್ಯಾಗ ಅಲ್ಲ ಮತ್ತ. ಯಾವುದರಾಗ ಯಾರನ್ನರ ತೆಗೀರಿ ಅಂತಾರಲ್ಲ, ಅದರಾಗ. ಯಾರನ್ನ ತೆಗೀಬೇಕೋ ಅವರ ಬೆನ್ನಿಗಿ ಬಂದು ನಿಂದರತಾಳ...”

ಕರೆಂಟು ಬಂತು. ಮಂಜಣ್ಣ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದ. ಆರತಿ ಬಂತು.

ಈ ಕ್ಯಾಸೆಟ್ಟನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ಹಿಂದೆ ಗೋಡೆಯಷ್ಟೇ ಇತ್ತು. ಈಗ ಅಲ್ಲಿ ಬಾಗಿಲಿತ್ತು. ಬಾಗಿಲಲ್ಲಿ ತಲೆತುಂಬ ಸೆರಗು ಹೊದ್ದ ಹೆಂಗಸು. ಎತ್ತಿದ ಮುಷ್ಟಿ.

“ಕತ್ತರಿಸಲೇನ್ರಿ ಅಕ್ಕಾರ?” ಮಂಜಣ್ಣನ ದನಿ ಸಣ್ಣಗಾಗಿತ್ತು.

“ಬೇಡ. ಹಾಗೇ ಇರಲಿ.”

ಮುಷ್ಟಿ ಬಿಚ್ಚಿತು. ನನ್ನ ಮೇಲೆ, ಗಂಡನ ಮೇಲೆ ಬಿಳಿ ಕಾಳು ಬಿದ್ದವು. ಅವರು ತಲೆ ಕೊಡವಿ ನನ್ನ ಕಡೆ ತಿರುಗಿ ನಕ್ಕರು.

“ಮನ್ಯಾಗ ಏನು ಹೇಳ್ತಿ?” ಎಂದಳು ಜಂಬಕ್ಕ.

“ತೆಗೆಸಲಿಲ್ಲ ಅಂತ ಹೇಳ್ತೀನಿ.”

ಸಿಡಿ ತೆಗೆದುಕೊಂಡು ಎದ್ದೆ. ಮಳೆ ನಿಂತಿರಲಿಲ್ಲ. ನಾನು ಒಬ್ಬಳೇ ಬಂದಿದ್ದೆ. ಜಂಬಕ್ಕ ಮೂಲೆಯಲ್ಲಿದ್ದ ಛತ್ರಿ ಕೊಟ್ಟು, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

“ದೊಡ್ಡದೈತಿ, ಒಯ್ಯಿ ತಾಯಿ... ಇಬ್ಬರೂ ತೋಯಂಗಿಲ್ಲ.”